‘ಪಾಪ’ ಅನ್ನಿಸಿದ್ದಕ್ಕೆ ಶಿಕ್ಷೆ

ಕೇಳುಗರೇ, ನಮಸ್ಕಾರ.

ಕೆಲವು ವರ್ಷಗಳ ಹಿಂದಿನ ಮಾತು. ಒಂದು ಮಧ್ಯಾಹ್ನ ನಮ್ಮಮ್ಮ ಮೊರದ ಮುಂದೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ನಾನೂ ಪಕ್ಕದಲ್ಲಿ ಕೂತು, ಆಗ ಓದುತ್ತಿದ್ದ ಇಂಗ್ಲಿಷ್ ಕಾದಂಬರಿಯೊಂದರ ಕಥೆ ಹೇಳುತ್ತಿದ್ದೆ. ಕಥೆ ಕೋರ್ಟಿಗೆ ಬಂದಿತ್ತು. ಕಟಕಟೆಯಲ್ಲಿ ಒಬ್ಬ ಕಪ್ಪು ಮನುಷ್ಯ. ಬಿಳಿ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರ ಮಾಡಿದ ಎಂದು ಅವನ ಮೇಲೆ ಆರೋಪ. ಸರ್ಕಾರಿ ವಕೀಲ ಕೇಳುತ್ತಾನೆ: ಕಾಸು ಕೊಡದಿದ್ದರೂ ಅವಳ ಮನೆಗೆಲಸ ಯಾಕೆ ಮಾಡಿಕೊಡುತ್ತಿದ್ದೆ? ಅವನು ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತಾನೆ. ಅವಳನ್ನು ನೋಡಿದರೆ ಪಾಪ ಅನ್ನಿಸುತ್ತಿತ್ತು, ಅಂತ. ಅಲ್ಲಿಗೆ ಅವನ ಕಥೆ ಮುಗಿಯಿತು ಎಂದೆ.

ಅಮ್ಮನ ಕೈ ನಿಂತಿತು. “ಅಯ್ಯೋ, ಪಾಪ ಅಂದಿದ್ದೇ ತಪ್ಪಾಯ್ತೇನೋ?” ಎಂದರು.

ಆ ಪುಸ್ತಕ ಹಾರ್ಪರ್ ಲೀ ಬರೆದ ‘ಟು ಕಿಲ್ ಎ ಮಾಕಿಂಗ್‌ಬರ್ಡ್’. 1960ರ ಜುಲೈನಲ್ಲಿ ಬಂತು. ಮರುವರ್ಷವೇ ಪುಲಿಟ್ಜರ್ ಪ್ರಶಸ್ತಿ ಪಡೆಯಿತು. 1962ರಲ್ಲಿ ಸಿನಿಮಾ ಆಯಿತು. ಅದರ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಅಟಿಕಸ್ ಫಿಂಚ್ ಎಂಬ ವಕೀಲನ ಒಳ್ಳೆಯತನದಿಂದ ಶುರುಮಾಡುತ್ತಾರೆ. ನಾನು ಅಮ್ಮನ ಪ್ರಶ್ನೆಯಿಂದ ಶುರುಮಾಡುತ್ತೇನೆ.

ಮೊದಲು ಕಥೆಯನ್ನು ಸ್ವಲ್ಪ ಹೇಳಿಬಿಡುತ್ತೇನೆ. ಅಮೆರಿಕದ ದಕ್ಷಿಣದಲ್ಲಿ ಅಲಬಾಮಾ ಎಂಬ ರಾಜ್ಯ. ಅಲ್ಲಿ ಮೇಕೊಂಬ್ ಎಂಬ ಒಂದು ಕಲ್ಪನೆಯ ಊರು. 1933ರಿಂದ 35ರವರೆಗಿನ ಕಾಲ. ಜನರ ಕೈಯಲ್ಲಿ ಕಾಸಿಲ್ಲ. ವಕೀಲನ ಫೀಸಿಗೆ ಬದಲಾಗಿ ಸೌದೆ, ಸೊಪ್ಪು ತಂದು ಮನೆ ಮುಂದೆ ಇಟ್ಟು ಹೋಗುವ ರೈತರಿದ್ದಾರೆ. ಕಥೆ ಹೇಳುವವಳು ಅಟಿಕಸ್‌ನ ಮಗಳು ಸ್ಕೌಟ್. ಕಥೆ ಶುರುವಾದಾಗ ಅವಳಿಗಿನ್ನೂ ಆರು ತುಂಬಿಲ್ಲ. ಅಣ್ಣ ಜೆಮ್, ತಾಯಿಯಿಲ್ಲದ ಮನೆ, ಅಡುಗೆ ಮಾಡಿ ಮಕ್ಕಳನ್ನು ಸಾಕುವ ಕಪ್ಪು ಹೆಂಗಸು ಕ್ಯಾಲ್ಪರ್ನಿಯ. ಬೀದಿಯಲ್ಲಿ ಸದಾ ಬಾಗಿಲು ಮುಚ್ಚಿದ ಒಂದು ಮನೆ. ಅದರೊಳಗೆ ಹೊರಗೆ ಬಾರದ ಬೂ ರಾಡ್ಲಿ. ಮಕ್ಕಳಿಗೆ ಅವನೊಂದು ಭೂತ. ಆ ಭೂತವೇ ಮರದ ಪೊಟರೆಯಲ್ಲಿ ಇವರಿಗೆ ಚೂಯಿಂಗ್ ಗಮ್, ಹಳೇ ನಾಣ್ಯ, ಸೋಪಿನಲ್ಲಿ ಕೆತ್ತಿದ ಗೊಂಬೆ ಇಟ್ಟಿರುತ್ತದೆ. ಪುಸ್ತಕದ ಅರ್ಧದಷ್ಟು ಹೀಗೆ ಬೇಸಿಗೆ ರಜೆಯ ಕಥೆಯೇ. ಕೋರ್ಟು ಆಮೇಲೆ ಬರುತ್ತದೆ.

ಕಟಕಟೆಯಲ್ಲಿದ್ದ ಟಾಮ್ ರಾಬಿನ್ಸನ್‌ಗೆ 25 ವರ್ಷ. ಹೆಂಡತಿ, ಮೂರು ಮಕ್ಕಳು. ಹೊಲದ ಕೂಲಿ. ಹುಡುಗನಾಗಿದ್ದಾಗ ಹತ್ತಿ ಬಿಡಿಸುವ ಯಂತ್ರಕ್ಕೆ ಎಡಗೈ ಸಿಕ್ಕಿ, ಅದು ಕೆಲಸಕ್ಕೆ ಬಾರದ ಹಾಗಾಗಿದೆ. ಅವನ ಮೇಲೆ ಆರೋಪ ಹೊರಿಸಿದವಳು ಮೇಯೆಲ್ಲಾ ಯೂಯೆಲ್, 19ರ ಹುಡುಗಿ. ಊರಿನ ಕಸದ ಗುಂಡಿಯ ಪಕ್ಕ ಅವಳ ಮನೆ. ಕುಡುಕ ಅಪ್ಪ. ತಮ್ಮ ತಂಗಿಯರು ಏಳು ಜನ. ಅವಳ ಮುಖದ ಬಲಗಡೆ ಏಟು ಬಿದ್ದಿದೆ. ಎದುರು ನಿಂತು ಹಾಗೆ ಹೊಡೆಯಬೇಕಾದರೆ ಎಡಗೈಯಲ್ಲೇ ಹೊಡೆಯಬೇಕು, ಅಲ್ವಾ? ಟಾಮ್‌ನ ಎಡಗೈ ಜೋತುಬಿದ್ದಿದೆ. ಅವಳ ಅಪ್ಪ ಎಡಗೈಯವನು. ಟಾಮ್‌ನ ವಕೀಲ ಅಟಿಕಸ್ ಆ ಅಪ್ಪನ ಕೈಗೆ ಪೆನ್ನು ಕೊಟ್ಟು, ಎಲ್ಲರ ಮುಂದೆ ಹೆಸರು ಬರೆಸಿ ತೋರಿಸುತ್ತಾನೆ. ಓದುವವರಿಗೆ ಇನ್ನೇನು ಬಿಡುಗಡೆ ಎಂದೇ ಅನ್ನಿಸುತ್ತದೆ.

ಆಗ ಬರುತ್ತದೆ ಆ ‘ಪಾಪ’. ಹೇಳಿದ ಮರುಕ್ಷಣ ಟಾಮ್‌ಗೆ ತಾನು ಎಡವಿದ್ದು ಗೊತ್ತಾಗುತ್ತದೆ. ಆದರೆ ಮಾತು ಬಾಯಿಂದ ಹೊರಗೆ ಬಿದ್ದಾಗಿದೆ. ಸರ್ಕಾರಿ ವಕೀಲ ಅದನ್ನೇ ಹಿಡಿದು ಎಳೆಯುತ್ತಾನೆ. ನಿನಗೆ? ಅವಳನ್ನು ನೋಡಿ? ಪಾಪ ಅನ್ನಿಸಿತಾ? ಅಂತ. ಕೆಳಗೆ ಕೂತಿದ್ದ ಬಿಳಿಯರಿಗೆ ಆ ಮಾತು ಹಿಡಿಸುವುದಿಲ್ಲ.

ಯಾಕೆ? ಪಾಪ ಅನ್ನಬೇಕಾದರೆ ಒಬ್ಬರು ಇನ್ನೊಬ್ಬರಿಗಿಂತ ಒಂದು ಮೆಟ್ಟಿಲು ಮೇಲಿರಬೇಕು. ಇಲ್ಲದಿದ್ದರೆ ಸಮಸಮ ಇರಬೇಕು. ಆ ಊರಿನ ಲೆಕ್ಕದಲ್ಲಿ ಅತಿ ಕೆಳಗಿನ ಬಿಳಿಯಳೂ ಅತಿ ಒಳ್ಳೆಯ ಕಪ್ಪು ಮನುಷ್ಯನಿಗಿಂತ ಮೇಲೆ. ಟಾಮ್ ಒಂದು ಮಾತಿನಲ್ಲಿ ಆ ಏಣಿಯನ್ನೇ ತಿರುಗಿಸಿಟ್ಟ. ಆರೋಪವೇನಿದ್ದರೂ ಅವನು ಸಿಕ್ಕಿಬಿದ್ದದ್ದು ಇದಕ್ಕೆ.

ಇದೇ ಕೋರ್ಟಿನಲ್ಲಿ ಇನ್ನೊಂದು ಸಣ್ಣ ವಿಷಯವಿದೆ. ಅಟಿಕಸ್ ಮೇಯೆಲ್ಲಾಳನ್ನು ಮರ್ಯಾದೆಯಿಂದ ಮಾತಾಡಿಸುತ್ತಾನೆ. ನಮ್ಮಲ್ಲಿ ‘ಏನಮ್ಮಾ’, ‘ಹೇಳಿಮ್ಮಾ’ ಅಂತೀವಲ್ಲ, ಹಾಗೆ. ಅವಳಿಗೆ ಸಿಟ್ಟು ಬರುತ್ತದೆ. ನನ್ನನ್ನು ಆಡಿಕೊಳ್ಳುತ್ತಿದ್ದಾನೆ ಎನ್ನುತ್ತಾಳೆ. ಹುಟ್ಟಿದಾರಭ್ಯ ಅವಳನ್ನು ಯಾರೂ ಹಾಗೆ ಕರೆದಿರಲಿಲ್ಲ. ಅತ್ತ ಮೂರು ಮಕ್ಕಳ ತಂದೆ ಟಾಮ್‌ನನ್ನು ಸರ್ಕಾರಿ ವಕೀಲ ‘ಲೋ ಹುಡುಗಾ’ ಎನ್ನುವ ಧಾಟಿಯಲ್ಲಿ ಕರೆಯುತ್ತಾನೆ. ಬಹುವಚನ, ಏಕವಚನಗಳ ನಡುವೆಯೇ ಬೆಳೆದ ನಮಗೆ ಇದರ ಪೆಟ್ಟು ಬೇಗ ತಿಳಿಯುತ್ತದೆ.

ಲೀ ಇದನ್ನೆಲ್ಲ ಎಲ್ಲಿಂದ ತಂದರು? ಅವರು ಹುಟ್ಟಿದ್ದು 1926ರಲ್ಲಿ, ಅಲಬಾಮಾದ ಮನ್ರೋವಿಲ್ ಎಂಬ ಪುಟ್ಟ ಊರಿನಲ್ಲಿ. ತಂದೆ ಎ. ಸಿ. ಲೀ ವಕೀಲರು, ಊರಿನ ಪತ್ರಿಕೆಯ ಸಂಪಾದಕರು, ರಾಜ್ಯದ ಶಾಸಕರು ಕೂಡ. ಮಗಳು ಹುಟ್ಟುವ ಮುಂಚೆ, 1919ರಲ್ಲಿ, ಅವರು ಇಬ್ಬರು ಕಪ್ಪು ಜನರ ಪರ ವಾದಿಸಿದ್ದರು. ಅಂಗಡಿಯವನೊಬ್ಬನನ್ನು ಕೊಂದ ಆರೋಪ ಹೊತ್ತ ಅಪ್ಪ ಮತ್ತು ಮಗ. ಇಬ್ಬರಿಗೂ ಗಲ್ಲಾಯಿತು. ಆ ಮೇಲೆ ಅವರು ಕ್ರಿಮಿನಲ್ ಕೇಸು ಮುಟ್ಟಲಿಲ್ಲ.

ಎಲ್ಲಕ್ಕಿಂತ ದೊಡ್ಡ ನೆರಳು ಸ್ಕಾಟ್ಸ್‌ಬರೊ ಪ್ರಕರಣದ್ದು. 1931ರ ಮಾರ್ಚ್ 25. ಕೆಲಸ ಹುಡುಕಿಕೊಂಡು ಗೂಡ್ಸ್ ರೈಲು ಹತ್ತಿದ್ದ ಒಂಬತ್ತು ಕಪ್ಪು ಹುಡುಗರನ್ನು ಅಲಬಾಮಾದಲ್ಲಿ ಕೆಳಗಿಳಿಸಿದರು. ಅದೇ ರೈಲಿನಲ್ಲಿದ್ದ ಇಬ್ಬರು ಬಿಳಿ ಯುವತಿಯರು ಅತ್ಯಾಚಾರದ ದೂರು ಕೊಟ್ಟರು. ಮುಂದಿನ ತಿಂಗಳೇ ವಿಚಾರಣೆ ಮುಗಿಯಿತು. ಎಂಟು ಜನಕ್ಕೆ ಮರಣದಂಡನೆ. ಒಂಬತ್ತನೆಯವನು ತೀರಾ ಚಿಕ್ಕವನು, ಅವನ ವಿಷಯದಲ್ಲಿ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. ಎರಡು ವರ್ಷದ ನಂತರ ಆ ಯುವತಿಯರಲ್ಲಿ ಒಬ್ಬಳು ಕೋರ್ಟಿಗೆ ಬಂದು ಅದೆಲ್ಲ ಸುಳ್ಳು ಎಂದಳು. ಆದರೂ ಜ್ಯೂರಿ ಮತ್ತೆ ‘ತಪ್ಪಿತಸ್ಥ’ ಎಂದೇ ಹೇಳಿತು. ನ್ಯಾಯಾಧೀಶ ಜೇಮ್ಸ್ ಹಾರ್ಟನ್ ಸಾಕ್ಷ್ಯವನ್ನು ತೂಗಿ ನೋಡಿ ಆ ತೀರ್ಪನ್ನು ತಳ್ಳಿಹಾಕಿದರು. ಅಲ್ಲಿ ನ್ಯಾಯಾಧೀಶರನ್ನು ಚುನಾವಣೆಯಲ್ಲಿ ಆರಿಸುತ್ತಾರೆ. ಮುಂದಿನ ಚುನಾವಣೆಯಲ್ಲಿ ಅವರು ಸೋತರು.

ಇಲ್ಲಿ ಜ್ಯೂರಿಯ ಬಗ್ಗೆ ಒಂದು ಮಾತು. ಊರಿನ ಸಾಮಾನ್ಯ ಜನರಲ್ಲೇ 12 ಮಂದಿಯನ್ನು ಆರಿಸಿ ತೀರ್ಪು ಕೇಳುವ ಪದ್ಧತಿ. ನಮ್ಮ ದೇಶದಲ್ಲೂ ಹಿಂದೆ ಇತ್ತು. ಅಲಬಾಮಾದಲ್ಲಿ ಆ 12ರಲ್ಲಿ ಕಪ್ಪು ಜನ ಬರುತ್ತಲೇ ಇರಲಿಲ್ಲ. ಸ್ಕಾಟ್ಸ್‌ಬರೊ ಕೇಸು 1935ರಲ್ಲಿ ಮತ್ತೆ ಸುಪ್ರೀಂ ಕೋರ್ಟಿಗೆ ಹೋದಾಗ, ಪಟ್ಟಿಯಲ್ಲಿ ಕಪ್ಪು ಜನರ ಹೆಸರೂ ಇದೆಯಲ್ಲ ಎಂದು ರಾಜ್ಯದವರು ವಾದಿಸಿದರು. ಆ ಹೆಸರುಗಳನ್ನು ಆಮೇಲೆ ತುರುಕಿದ್ದಾರೆ ಎಂದು ಹುಡುಗರ ವಕೀಲರು ಪುಸ್ತಕವನ್ನೇ ಕೋರ್ಟಿಗೆ ತಂದರು. ನ್ಯಾಯಮೂರ್ತಿಗಳು ಭೂತಗನ್ನಡಿ ಹಿಡಿದು ನೋಡಿದರು. ಈ ಪುಟ ನೆನಪಿಸಿಕೊಂಡಾಗಲೆಲ್ಲ ನನಗೆ ನಗುವೂ ಬರುತ್ತದೆ, ಬೇಜಾರೂ ಆಗುತ್ತದೆ. ಲೆಕ್ಕದ ಪುಸ್ತಕ ತಿದ್ದುವ ಗುಮಾಸ್ತರು ಎಲ್ಲ ದೇಶದಲ್ಲೂ ಇದ್ದಾರೆ ನೋಡಿ.

ಕಥೆ ನಡೆಯುವುದು 1930ರ ದಶಕದಲ್ಲಿ, ಬರೆದದ್ದು 1950ರ ದಶಕದಲ್ಲಿ. ಈ ನಡುವೆ ದೇಶ ಕುದಿಯುತ್ತಿತ್ತು. ಶಾಲೆಗಳಲ್ಲಿ ಕಪ್ಪು, ಬಿಳಿ ಮಕ್ಕಳನ್ನು ಬೇರೆ ಬೇರೆ ಕೂರಿಸುವುದು ತಪ್ಪು ಎಂದು 1954ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 1955ರ ಆಗಸ್ಟಿನಲ್ಲಿ ಮಿಸಿಸಿಪ್ಪಿಯಲ್ಲಿ 14 ವರ್ಷದ ಕಪ್ಪು ಹುಡುಗ ಎಮೆಟ್ ಟಿಲ್‌ನನ್ನು ಕೊಂದು ನದಿಗೆ ಎಸೆದರು. ಬಿಳಿಯರೇ ತುಂಬಿದ್ದ ಜ್ಯೂರಿ ಸುಮಾರು ಒಂದು ಗಂಟೆಯಲ್ಲಿ ಆರೋಪಿಗಳನ್ನು ಬಿಟ್ಟುಕಳಿಸಿತು. ಅದೇ ಡಿಸೆಂಬರಿನಲ್ಲಿ ಅಲಬಾಮಾದ ಮಾಂಟ್‌ಗೊಮರಿಯಲ್ಲಿ ರೋಸಾ ಪಾರ್ಕ್ಸ್ ಎಂಬ ಕಪ್ಪು ಹೆಂಗಸು ಬಿಳಿಯರಿಗಾಗಿ ಬಸ್ಸಿನ ಸೀಟು ಬಿಟ್ಟು ಏಳಲಿಲ್ಲ. ಲೀ ಆಗ ನ್ಯೂಯಾರ್ಕಿನಲ್ಲಿ ವಿಮಾನ ಕಂಪನಿಯೊಂದರಲ್ಲಿ ಟಿಕೆಟ್ ಗುಮಾಸ್ತೆ. 1956ರ ಕ್ರಿಸ್‌ಮಸ್‌ಗೆ ಸ್ನೇಹಿತರಾದ ದಂಪತಿ ಒಂದು ವರ್ಷದ ಸಂಬಳದಷ್ಟು ಹಣವನ್ನು ಉಡುಗೊರೆ ಕೊಟ್ಟು, ಕೂತು ಬರಿ ಎಂದರು. ಅಂಥ ಸ್ನೇಹಿತರು ಯಾರಿಗೆ ಸಿಗುತ್ತಾರೆ ಹೇಳಿ!

ಈಗ ಹೆಸರಿನ ವಿಷಯ. ಮಾಕಿಂಗ್‌ಬರ್ಡ್ ನಮ್ಮ ಕಡೆ ಇಲ್ಲ. ಬೇರೆ ಹಕ್ಕಿಗಳ ದನಿಯನ್ನು ಹಾಗೇ ಎತ್ತಿಕೊಂಡು ಹಾಡುವ ಹಕ್ಕಿ ಅದು. ಮಲೆನಾಡಿನ ಕೇಳುಗರಿಗೆ ಕಾಜಾಣ ನೆನಪಾಗಬಹುದು. ಮಕ್ಕಳಿಗೆ ಏರ್‌ಗನ್ ಕೊಡಿಸಿದಾಗ ಅಪ್ಪ ಹೇಳುತ್ತಾನೆ, ಮಾಕಿಂಗ್‌ಬರ್ಡ್‌ಗೆ ಮಾತ್ರ ಹೊಡೆಯಬೇಡಿ, ಪಾಪ ಬರುತ್ತದೆ ಎಂದು. ಯಾಕೆಂದರೆ ಅದು ಯಾರ ತೋಟಕ್ಕೂ ಬಾಯಿ ಹಾಕದೆ ಸುಮ್ನೆ ಹಾಡಿಕೊಂಡಿರುತ್ತದೆ.

ಇಂಗ್ಲಿಷಿನಲ್ಲಿ ಈ ಎರಡು ಕಡೆ ಇರುವುದು ಎರಡು ಬೇರೆ ಬೇರೆ ಮಾತು. ಹಕ್ಕಿ ಕೊಂದರೆ ಬರುವುದು ಒಂದು, ಟಾಮ್‌ಗೆ ಅನ್ನಿಸಿದ್ದು ಇನ್ನೊಂದು. ಕನ್ನಡದಲ್ಲಿ ಹೇಳಹೊರಟರೆ ಎರಡೂ ‘ಪಾಪ’ವೇ. ಕೊಂದರೆ ಬರುವುದೂ ಪಾಪ, ನೋಡಿ ಮರುಗಿದರೆ ಅನ್ನುವುದೂ ಪಾಪ. ಅಮ್ಮನಿಗೆ ಕಥೆ ಹೇಳುವಾಗ ನಾನಿದನ್ನು ಯೋಚಿಸಿರಲಿಲ್ಲ. ಬಾಯಿಗೆ ಬಂದ ಮಾತು ಅದು. ಆದರೆ ಮೇಕೊಂಬ್ ಎಂಬ ಊರನ್ನು ಈ ಒಂದು ಮಾತಿನಲ್ಲೇ ವಿವರಿಸಬಹುದು ಎಂದು ಆಮೇಲೆ ಹೊಳೆಯಿತು. ಅಲ್ಲಿ ‘ಪಾಪ’ ಎನ್ನುವುದೇ ಪಾಪ.

ಪುಸ್ತಕದಲ್ಲಿ ಪಾಠಗಳು ಇನ್ನೂ ಇವೆ. ಇನ್ನೊಬ್ಬರ ಚರ್ಮದೊಳಗೆ ಹೊಕ್ಕು ನೋಡು ಎಂಬ ಮಾತಂತೂ ಶಾಲೆಯ ಗೋಡೆಗಳ ಮೇಲೆ ಬಂದುಬಿಟ್ಟಿದೆ. ನನಗೆ ಅದಕ್ಕಿಂತ ಜಾಸ್ತಿ ಕಾಡುವುದು ಸ್ಕೌಟ್‌ಳ ಟೀಚರ್. ಹಿಟ್ಲರ್ ಯೆಹೂದಿಗಳಿಗೆ ಮಾಡುತ್ತಿರುವುದು ಘೋರ, ನಮ್ಮದು ಪ್ರಜಾಪ್ರಭುತ್ವ ಎಂದು ತರಗತಿಯಲ್ಲಿ ಕಣ್ಣಲ್ಲಿ ನೀರು ಬರುವಷ್ಟು ಪಾಠ ಮಾಡುತ್ತಾಳೆ. ಅದೇ ಟೀಚರ್ ಕೋರ್ಟಿನ ಮೆಟ್ಟಿಲಿಳಿಯುವಾಗ, ಈ ಕಪ್ಪು ಜನಕ್ಕೆ ಯಾರಾದರೂ ಬುದ್ಧಿ ಕಲಿಸಬೇಕಿತ್ತು ಎಂದದ್ದನ್ನು ಮಗು ಕೇಳಿಸಿಕೊಂಡಿರುತ್ತದೆ. ದೂರದವರಿಗೆ ಮರುಗುವುದು ಎಷ್ಟು ಸುಲಭ!

ತಕರಾರುಗಳೂ ಇವೆ. ಅವು ಸುಳ್ಳಲ್ಲ. ಕಪ್ಪು ಜನ ಇಡೀ ವಿಚಾರಣೆಯನ್ನು ಮೇಲಿನ ಬಾಲ್ಕನಿಯಲ್ಲಿ ಕೂತು ಸುಮ್ಮನೆ ನೋಡುತ್ತಾರೆ. ಅಟಿಕಸ್ ಸೋತು ಹೊರಡುವಾಗ ಗೌರವದಿಂದ ಎದ್ದು ನಿಲ್ಲುತ್ತಾರೆ. ಅವರ ಸಿಟ್ಟು ಏನು, ರಾತ್ರಿ ಮನೆಗೆ ಹೋಗಿ ಅವರು ಏನು ಮಾತಾಡಿಕೊಂಡರು ಎನ್ನುವುದು ಪುಸ್ತಕದಲ್ಲಿ ಇಲ್ಲ. ಟಾಮ್ ಜೈಲಿನ ಬೇಲಿ ಹತ್ತಲು ಹೋಗಿ ಗುಂಡೇಟಿಗೆ ಸಾಯುವುದೂ ನಮಗೆ ಬೇರೆಯವರ ಬಾಯಿಂದಲೇ ತಿಳಿಯುತ್ತದೆ. ಲೀ ಇದಕ್ಕೂ ಮೊದಲು ಬರೆದಿಟ್ಟಿದ್ದ ‘ಗೋ ಸೆಟ್ ಎ ವಾಚ್‌ಮನ್’ 2015ರಲ್ಲಿ ಹೊರಬಂತು. ಅದರಲ್ಲಿ ವಯಸ್ಸಾದ ಅಟಿಕಸ್ ಕಪ್ಪು ಜನರ ಸಮಾನತೆಗೆ ಎದುರು ನಿಲ್ಲುತ್ತಾನೆ. ಓದುಗರಿಗೆ ತುಂಬ ನೋವಾಯಿತು. ನನಗೆ ಅಷ್ಟು ಆಶ್ಚರ್ಯವಾಗಲಿಲ್ಲ. ಕೋರ್ಟಿನಲ್ಲಿ ನ್ಯಾಯ ಕೇಳುವವರೆಲ್ಲ ಮನೆಯೊಳಗೂ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ ಅಂತೇನಿಲ್ಲವಲ್ಲ.

ಕೊನೆಯದಾಗಿ ಮನ್ರೋವಿಲ್‌ಗೇ ವಾಪಸ್ ಬರುತ್ತೇನೆ. ಅಲ್ಲಿನ ಹಳೇ ಕೋರ್ಟು ಈಗ ಮ್ಯೂಸಿಯಂ. ಕಾದಂಬರಿಯ ಹೆಸರಿನಿಂದಲೇ ಊರಿಗೆ ಜನ ಬರುತ್ತಾರೆ. ಅದೇ ಕೌಂಟಿಯಲ್ಲಿ 1987ರಲ್ಲಿ ವಾಲ್ಟರ್ ಮೆಕ್‌ಮಿಲಿಯನ್ ಎಂಬ ಕಪ್ಪು ಮನುಷ್ಯನನ್ನು ಬಂಧಿಸಿದರು. ಬಿಳಿ ಯುವತಿಯೊಬ್ಬಳ ಕೊಲೆಯ ಆರೋಪ. ಕೊಲೆ ನಡೆದ ಹೊತ್ತಿನಲ್ಲಿ ಅವನ ಮನೆಯಂಗಳದಲ್ಲಿ ಮೀನು ಕರಿದು ಮಾರುತ್ತಿದ್ದರು. ಅವನು ಅಲ್ಲೇ ಇದ್ದ ಎಂದು ಹೇಳಲು ಹಲವರಿದ್ದರು. ಅವರೆಲ್ಲ ಕಪ್ಪು ಜನ. ಅವರ ಮಾತು ನಡೆಯಲಿಲ್ಲ. ಜ್ಯೂರಿ ಜೀವಾವಧಿ ಎಂದರೆ, ನ್ಯಾಯಾಧೀಶರು ಅದನ್ನು ಮರಣದಂಡನೆಗೆ ಏರಿಸಿದರು. ಬ್ರಯಾನ್ ಸ್ಟೀವನ್‌ಸನ್ ಎಂಬ ವಕೀಲರು ವರ್ಷಗಟ್ಟಲೆ ಓಡಾಡಿದ ಮೇಲೆ, 1993ರಲ್ಲಿ ಆತ ನಿರಪರಾಧಿಯಾಗಿ ಹೊರಬಂದ. ಈ ಸ್ಟೀವನ್‌ಸನ್ ಕಪ್ಪು ಜನರಲ್ಲೇ ಒಬ್ಬರು, ಬಾಲ್ಕನಿಯಲ್ಲಿ ಕೂತು ನೋಡಿದವರಲ್ಲ.

ಆ ಹಳೇ ಕೋರ್ಟಿನಲ್ಲಿ ಪ್ರತಿ ವಸಂತದಲ್ಲೂ ಊರಿನವರೇ ಸೇರಿ ಈ ಕಥೆಯನ್ನು ನಾಟಕ ಆಡುತ್ತಾ ಬಂದಿದ್ದಾರೆ. ವಿಚಾರಣೆಯ ದೃಶ್ಯಕ್ಕೆ ನೋಡಲು ಬಂದವರಲ್ಲೇ 12 ಜನರನ್ನು ಹೆಸರು ಕೂಗಿ ಎಬ್ಬಿಸಿ, ಜ್ಯೂರಿಯ ಕುರ್ಚಿಯಲ್ಲಿ ಕೂರಿಸುತ್ತಾರೆ. ಟಿಕೆಟ್ ಕೊಂಡು ಬಂದವರು, ಟಾಮ್‌ನ ಮೇಲೆ ಕನಿಕರ ಇಟ್ಟುಕೊಂಡೇ ಬಂದವರು. ಅವನ ಜೋತುಬಿದ್ದ ಕೈಯನ್ನು ಹತ್ತಿರದಿಂದ ನೋಡುತ್ತಾರೆ, ಅಟಿಕಸ್‌ನ ವಾದವನ್ನು ಕೇಳುತ್ತಾರೆ. ಆಮೇಲೆ ‘ತಪ್ಪಿತಸ್ಥ’ ಎಂಬ ತೀರ್ಪು ಅವರ ಹೆಸರಿನಲ್ಲೇ ಬರುತ್ತದೆ.

ನಮಸ್ಕಾರ.