ಅಪ್ಪನ ಕಾರಿನ ಟೈ ರಾಡ್ ಬದಲಿಸಿದ ಭಾನುವಾರ

ಈ ಸದ್ದು ಕೇಳಿಸಿತಾ? ಕಟ್, ಕಟ್. ಸಣ್ಣ ಗುಂಡಿಗೆ ಇಳಿದರೂ ಸಾಕು, ಎಡಗಡೆಯಿಂದ ಬರುತ್ತದೆ. ಅಪ್ಪ ತೀರ್ಥಹಳ್ಳಿಯಿಂದ ಉಡುಪಿಗೆ ಹೋಗುವುದು ಇದೇ ಕಾರಿನಲ್ಲಿ, ಆಗುಂಬೆ ಘಾಟಿ ಇಳಿದು. ಅಲ್ಲಿ 14 ಹೇರ್‌ಪಿನ್ ತಿರುವು. ಸ್ಟೀರಿಂಗ್ ಮಾತು ಕೇಳದಿದ್ದರೆ ಅಲ್ಲಿ ಏನು ಗತಿ ಅಂತ ಹೆದರಿಕೆಯಾಗಿಯೇ ಇವತ್ತು ಕಾರಿಗೆ ಜಾಕ್ ಕೊಟ್ಟಿದ್ದೇನೆ.

ಜಾಕ್ ಒಂದನ್ನೇ ನಂಬಿ ಕೆಳಗೆ ಕೈ ಹಾಕಬೇಡಿ. ಎರಡೂ ಕಡೆ ಸ್ಟ್ಯಾಂಡ್ ಇದೆ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟಿದೆ.

ಈಗ ಚಕ್ರವನ್ನು ಗಡಿಯಾರದ 9 ಮತ್ತು 3 ಇರುವ ಕಡೆ ಹಿಡಿದು ಅಲುಗಾಡಿಸುತ್ತೇನೆ. ನೋಡಿ, ಆಡುತ್ತಿದೆ. 12 ಮತ್ತು 6ರ ಕಡೆ ಹಿಡಿದರೆ ಗಟ್ಟಿ. ಅಂದರೆ ಬೇರಿಂಗ್ ಮೇಲೆ ಅನುಮಾನ ಬೇಡ. ತಂಗಿ ಚಕ್ರ ಅಲುಗಾಡಿಸಿದಳು, ನಾನು ಸ್ಟೀರಿಂಗ್ ಸರಳಿನ ಕೀಲನ್ನು ಮುಚ್ಚುವ ರಬ್ಬರ್ ಬೂಟನ್ನು ಒತ್ತಿ ಹಿಡಿದೆ. ಒಳಗಿನ ಗುಂಡು ಟಕ್ ಅಂತ ಬೆರಳಿಗೇ ಸಿಕ್ಕಿತು. ಗ್ಯಾರೇಜಿನವರು ರ‍್ಯಾಕ್ ಎಂಡ್ ಅನ್ನುವುದು ಇದನ್ನೇ, ಒಳಗಿನ ಟೈ ರಾಡ್. ರ‍್ಯಾಕ್ ಅಂದರೆ ಸ್ಟೀರಿಂಗ್ ತಿರುಗಿಸಿದಾಗ ಎಡಕ್ಕೂ ಬಲಕ್ಕೂ ಸರಿಯುವ ಹಲ್ಲಿನ ಸರಳು, ಅದನ್ನು ಚಕ್ರಕ್ಕೆ ಜೋಡಿಸುವುದು ಟೈ ರಾಡ್.

ಮೊದಲು ಹೊರಗಿನ ಎಂಡ್, ಅಂದರೆ ಚಕ್ರದ ಕಡೆಯ ಕೀಲು. ಸ್ಪ್ಲಿಟ್ ಪಿನ್ ತೆಗೆದು ನಟ್ ಸಡಿಲಿಸಿದೆ. ಬೋಲ್ಟಿನ ತುದಿಗೆ ಹೊಡೆದರೆ ದಾರ (ಥ್ರೆಡ್) ಹಾಳಾಗುತ್ತದೆ. ಅದು ಕೂತಿರುವ ಕಬ್ಬಿಣದ ತೂತಿನ ಪಕ್ಕಕ್ಕೆ ಸುತ್ತಿಗೆಯಲ್ಲಿ ಎರಡು ಗಟ್ಟಿ ಏಟು ಕೊಟ್ಟೆ, ಕಳಚಿತು.

ಬೂಟ್ ಬಿಚ್ಚಿದಾಗ ಬೇಜಾರಾಯಿತು. ಮಡಿಕೆಯಲ್ಲಿ ಬೆರಳುದ್ದ ಬಿರುಕು. ಮಳೆಗಾಲದ ಕೆಂಪು ನೀರು ನುಗ್ಗಿ ಗ್ರೀಸನ್ನೆಲ್ಲ ತೊಳೆದುಬಿಟ್ಟಿದೆ. ಗುಂಡು ಸವೆದದ್ದು ಅದರಿಂದಲೇ. ಕಳೆದ ವರ್ಷವೇ ಈ ಬೂಟ್ ಬದಲಿಸಿದ್ದರೆ ರಾಡ್ ಉಳಿಯುತ್ತಿತ್ತು, ಅಲ್ವಾ? ಇಲ್ಲಿ ಇನ್ನೊಂದು ವಿಷಯ ನೋಡಬೇಕು. ಬೂಟಿನೊಳಗೆ ಪವರ್ ಸ್ಟೀರಿಂಗ್ ಆಯಿಲ್ ತುಂಬಿದ್ದರೆ ರ‍್ಯಾಕಿನ ಸೀಲ್ ಹೋಗಿದೆ ಅಂತ ಅರ್ಥ. ಆಗ ಟೈ ರಾಡ್ ಬದಲಿಸಿದರೆ ಸಾಲದು, ರ‍್ಯಾಕನ್ನೇ ಬಿಚ್ಚಬೇಕು. ನಮ್ಮದರಲ್ಲಿ ಬರೀ ಕೆಸರು. ಈ ಹೊಳೆಯುವ ಸರಳಿನ ಮೇಲೆ ಒಂದು ಮರಳಿನ ಕಾಳು ಉಳಿದರೂ ಸೀಲಿಗೆ ಗಾಯ. ಅದಕ್ಕೇ ಒರೆಸುವುದಕ್ಕೇ ಅರ್ಧ ಗಂಟೆ ಕೊಟ್ಟೆ.

ಇನ್ನು ಬರುವುದು ಜಾಸ್ತಿ ಜನ ತಪ್ಪು ಮಾಡುವ ಜಾಗ. ಒಂದೇ ಪಾನಾ ಹಾಕಿ ರ‍್ಯಾಕ್ ಎಂಡ್ ತಿರುಗಿಸಿದರೆ ಆ ತಿರುಚು ಬಲವೆಲ್ಲ ರ‍್ಯಾಕಿನ ಹಲ್ಲಿನ ಮೇಲೆ, ಅದನ್ನು ಸರಿಸುವ ಪಿನಿಯನ್ ಗೇರಿನ ಮೇಲೆ ಬೀಳುತ್ತದೆ. ನಮ್ಮ ರ‍್ಯಾಕಿನ ತುದಿಯಲ್ಲಿ ಪಾನಾ ಕೂರಲು ಚಪ್ಪಟೆ ಜಾಗ ಇದೆ. ಅಲ್ಲಿ ಅಪ್ಪ ಹಿಡಿದರು, ನಾನು ತಿರುಗಿಸಿದೆ. "ನಿಧಾನ ಮಾರಾಯ, ನಾನು ಹಿಡಿದಿದ್ದೇನೆ" ಅಂದರು. ಅವರ ಕೈ ಈಗಲೂ ಅಲುಗುವುದಿಲ್ಲ.

ಹೊಸದಕ್ಕೆ ಹೊಸ ಲಾಕ್ ವಾಷರ್ ಹಾಕಿ, ಅದರ ಅಂಚನ್ನು ಮಡಚಿ ಕೂರಿಸಿದೆ. ಹಳೆಯ ಮತ್ತು ಹೊಸ ರಾಡುಗಳನ್ನು ಪಕ್ಕಪಕ್ಕ ಇಟ್ಟು ಉದ್ದ ಅಳೆದೇ ಹೊರಗಿನ ಎಂಡ್ ತಿರುಗಿಸಿದೆ. ಬರೀ ಸುತ್ತು ಎಣಿಸಿದರೆ ಸಾಲದು, ಬೇರೆ ಕಂಪನಿಯ ರಾಡ್ ಆದರೆ ದಾರದ ಉದ್ದವೇ ಬೇರೆ ಇರಬಹುದು. ನಟ್ ಬಿಗಿಸಿದ ಮೇಲೆ ಪಿನ್ನಿನ ತೂತು ಸೇರಲಿಲ್ಲ ಅಂತ ಸಡಿಲಿಸಬೇಡಿ, ಇನ್ನೊಂದು ಚೂರು ಬಿಗಿಸಿ ಸೇರಿಸಿ.

ಬಲಗಡೆಯೂ ಇದೇ ಕೆಲಸ.

ಎಷ್ಟು ಅಳೆದರೂ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು. ರಾಡಿನ ಉದ್ದ ಚೂರು ಬದಲಾದರೂ ಟೋ, ಅಂದರೆ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ಬದಲಾಗುತ್ತದೆ, ಟೈರ್ ಒಂದೇ ಅಂಚಿನಲ್ಲಿ ಸವೆಯುತ್ತದೆ. ಸಂಜೆಯೇ ನಿಧಾನಕ್ಕೆ ಓಡಿಸಿಕೊಂಡು ಹೋಗಿ ಮಾಡಿಸಿದೆವು. ಬರುವಾಗ ಅಪ್ಪನೇ ಓಡಿಸಿದರು. ಬೇಕಂತಲೇ ಆ ಗುಂಡಿಗೆ ಇಳಿಸಿ, ಕಿಟಕಿ ಇಳಿಸಿ ಕಿವಿಗೊಟ್ಟರು. ಸದ್ದಿಲ್ಲ.