ಹಾಯಿದೋಣಿಗೆ ಔಟ್‌ಬೋರ್ಡ್ ಹಾಕಿದೀರಾ? ಹಗ್ಗ ಎಳೆಯೋ ಮುಂಚೆ ಇದನ್ನ ನೋಡಿ

ಎಲ್ರಿಗೂ ನಮಸ್ಕಾರ. ಇವತ್ತು ಇಪ್ಪತ್ತಡಿ ಆಸುಪಾಸಿನ ಹಾಯಿದೋಣಿ, ಹಿಂದೆ 4ರಿಂದ 6 ಎಚ್‌ಪಿ ಔಟ್‌ಬೋರ್ಡ್, ಅಂದ್ರೆ ಹೊರಗಡೆ ಸಿಕ್ಕಿಸೋ ಇಂಜಿನ್ ಇರುತ್ತಲ್ಲ, ಆ ಥರದ್ದರ ಬಗ್ಗೆ ಮಾತಾಡೋಣ. ಮಲ್ಪೆ, ಗಂಗೊಳ್ಳಿ ಕಡೆಯವರಿಗೆ ಔಟ್‌ಬೋರ್ಡ್ ಏನೂ ಹೊಸದಲ್ಲ, ನಾಡದೋಣಿಯವರು ದಿನಾ ಓಡಿಸ್ತಾರೆ. ಆದ್ರೆ ಹಾಯಿದೋಣಿಲಿ ಗಾಳಿ ಇರೋವರೆಗೂ ಇಂಜಿನ್ ಸುಮ್ನೆ ಮೇಲೆತ್ತಿಟ್ಟಿರುತ್ತೆ, ಅದು ಬೇಕಾಗೋದು ಗಾಳಿ ಬಿದ್ದೋದಾಗ, ಜೆಟ್ಟಿ ಹತ್ರ ಬಂದಾಗ, ಅಳಿವೆ ದಾಟೋವಾಗ, ಅಂದ್ರೆ ಎಡವಟ್ಟಾದ್ರೆ ಸರಿಮಾಡ್ಕೊಳ್ಳೋಕೆ ಜಾಗಾನೂ ಇಲ್ಲ ಟೈಮೂ ಇಲ್ಲ ಅನ್ನೋ ಕಡೆನೇ. ಅದಕ್ಕೆ ಸುತ್ತ ಇನ್ನೂ ಬೇಕಾದಷ್ಟು ನೀರಿರೋವಾಗ್ಲೇ ಸ್ಟಾರ್ಟ್ ಮಾಡ್ಕೊಳ್ಳಿ. ಹಾಯಿನೂ ಪೂರ್ತಿ ಮಡಚಿ ಕಟ್ಟಾಕ್ಬೇಡಿ, ಇಂಜಿನ್ ಕೈಕೊಟ್ರೆ ಅದೇ ಗತಿ.

(ಕ್ಯಾಮೆರಾ ದೋಣಿ ಹಿಂಭಾಗಕ್ಕೆ)

ಮೊದಲು ಹಗ್ಗಗಳು. ಹಾಯಿ ಇಳಿಸೋ ಗಡಿಬಿಡಿಲಿ ಯಾವುದೋ ಒಂದು ಹಗ್ಗದ ತುದಿ ಅಂಚಿಂದ ನೀರಿಗೆ ಜಾರಿರುತ್ತೆ, ಯಾರೂ ನೋಡಿರಲ್ಲ, ಗೇರ್ ಹಾಕಿದ ತಕ್ಷಣ ಪ್ರೊಪೆಲ್ಲರ್ ಅದನ್ನ ಸುತ್ಕೊಂಡು ಇಂಜಿನ್ ಆಫ್. ಬಿಡಿಸ್ಬೇಕಾದ್ರೆ ಕಿಲ್ ಕಾರ್ಡ್ (ಓಡಿಸೋರು ಮೈಗೆ ಕಟ್ಕೊಳ್ಳೋ ಹಗ್ಗ, ಇಂಜಿನ್ನಿಂದ ಕಳಚಿದ್ರೆ ಇಂಜಿನ್ ಆಫ್) ಕಳಚಿ, ಇಂಜಿನ್ ಎತ್ತಿ, ಆಮೇಲೆ ಕೈ ಹಾಕಿ. ಹಾಗೇ ಇಂಜಿನ್ನನ್ನ ದೋಣಿಗೆ ಹಿಡಿದಿರೋ ಕ್ಲಾಂಪಿನ ಎರಡೂ ಸ್ಕ್ರೂ ಬಿಗಿ ಇದೆಯಾ ನೋಡಿ, ಅದುರಿ ಅದುರಿ ಸಡಿಲ ಆಗ್ತಾವೆ.

ಈಗ ಸ್ಟಾರ್ಟಿಂಗ್. ಟ್ಯಾಂಕ್ ಮುಚ್ಚಳದ ಗಾಳಿ ಸ್ಕ್ರೂ ಬಿಚ್ಚಿ, ಪೈಪಲ್ಲಿರೋ ರಬ್ಬರ್ ಬಲ್ಬ್ ಗಟ್ಟಿಯಾಗೋವರೆಗೂ ಒತ್ತಿ, ನ್ಯೂಟ್ರಲ್ ಇದೆಯಾ ನೋಡಿ, ತಣ್ಣಗಿದ್ರೆ ಚೋಕ್. ಸ್ಟಾರ್ಟ್ ಮಾಡೋ ಹಗ್ಗ ಎಳೆಯೋ ಮುಂಚೆ ಹಿಂದೆ ತಿರುಗಿ ನೋಡಿ, ನಿಮ್ಮ ಮೊಣಕೈ ಇನ್ನೊಬ್ರ ಮೂತಿಗೆ ಬೀಳ್ಬಾರದು. ಸ್ಟಾರ್ಟ್ ಆದ್ಮೇಲೆ ಪಕ್ಕದ ಸಣ್ಣ ತೂತಿಂದ ನೀರು ಚಿಮ್ಮುತ್ತಲ್ಲ, ಅದನ್ನ ನೋಡ್ದೆ ಮುಂದೆ ಹೋಗ್ಬೇಡಿ. ನೀರು ಬರ್ತಿಲ್ಲ ಅಂದ್ರೆ ತಕ್ಷಣ ಆಫ್ ಮಾಡಿ. ಪ್ಲಾಸ್ಟಿಕ್ ಕವರ್ ಅಂಟ್ಕೊಂಡಿರ್ಬೋದು, ಇಂಜಿನ್ ತಂಪು ಮಾಡೋಕೆ ನೀರೆತ್ತೋ ರಬ್ಬರ್ ಚಕ್ರ, ಅಂದ್ರೆ ಇಂಪೆಲ್ಲರ್ ಹೋಗಿರ್ಬೋದು, ಹಾಗೇ ಓಡಿಸಿದ್ರೆ ಇಂಜಿನ್ ಬಿಸಿಯಾಗಿ ಜಾಮ್ ಆಗುತ್ತೆ.

ಕಿಲ್ ಕಾರ್ಡ್ ವಿಷಯಕ್ಕೆ ಬರ್ತೀನಿ, ಕೆಂಪು ಸುರುಳಿ ಹಗ್ಗ. 2013ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಪ್ಯಾಡ್‌ಸ್ಟೋ ಹತ್ರ ಅಳಿವೆಲಿ ಒಂದೇ ಮನೆಯ ಆರೂ ಜನ ಸ್ಪೀಡ್‌ಬೋಟಿಂದ ನೀರಿಗೆ ಬಿದ್ರು, ಕಾರ್ಡ್ ಕಟ್ಕೊಂಡಿರ್ಲಿಲ್ಲ, ಖಾಲಿ ಬೋಟ್ ಸುತ್ತು ಹೊಡೆದು ಅವರ ಮೇಲೇ ಬಂತು, ಇಬ್ರು ತೀರ್ಕೊಂಡ್ರು. ಅದು ದೊಡ್ಡ ಇಂಜಿನ್ ನಿಜ, ಆದ್ರೆ ನಿಮ್ಮ 5 ಎಚ್‌ಪಿ ಪ್ರೊಪೆಲ್ಲರ್‌ಗೂ ಕಾಲು ಕತ್ತರಿಸೋ ತಾಕತ್ತಿದೆ. ಹಾಯಿದೋಣಿಯವರು ಇದನ್ನ ಕಟ್ಕೊಳ್ಳಲ್ಲ, ಯಾಕಂದ್ರೆ ಹಾಯಿ ಹಗ್ಗ ಎಳೆಯೋಕೆ ಪದೇ ಪದೇ ಮುಂದೆ ಹೋಗ್ಬೇಕು. ಹೋಗಿ, ಆದ್ರೆ ಮೊದಲು ನ್ಯೂಟ್ರಲ್ ಹಾಕಿ. ಇನ್ನೊಂದು ಕಾರ್ಡ್ ದೋಣಿಲೇ ಇಟ್ಟಿರಿ, ಓಡಿಸೋರು ಕಾರ್ಡ್ ಸಮೇತ ನೀರಿಗೆ ಬಿದ್ರೆ ಉಳಿದವರು ಇಂಜಿನ್ ಸ್ಟಾರ್ಟ್ ಮಾಡ್ಬೇಕಲ್ಲ, ಇದು ಮಾತ್ರ ಯಾರಿಗೂ ಹೊಳೆಯಲ್ಲ.

ಅಲೆ ಇದ್ದಾಗ ಇಬ್ರು ಮೂರು ಜನ ಮುಂದಕ್ಕೆ ಹೋದ್ರೆ ಹಿಂಭಾಗ ಎದ್ದು ಪ್ರೊಪೆಲ್ಲರ್ ಗಾಳಿಲಿ ತಿರುಗುತ್ತೆ, ಆ ಕಿರ್ ಅನ್ನೋ ಸೌಂಡ್ ಕೇಳಿದ್ರೆ ಥ್ರಾಟಲ್ ಇಳಿಸಿ, ಒಬ್ರನ್ನ ಹಿಂದಕ್ಕೆ ಕರೀರಿ. ಜೆಟ್ಟಿಗೆ ನಿಧಾನವಾಗೇ ಬನ್ನಿ, ಬ್ರೇಕ್ ಇಲ್ಲ, ಇರೋದು ರಿವರ್ಸ್ ಒಂದೇ, ಅದೂ ಟಿಲ್ಟ್ ಲಾಕ್ ಬಿದ್ದಿಲ್ಲ ಅಂದ್ರೆ ಇಂಜಿನ್ ಮೇಲಕ್ಕೇ ಎದ್ದುಬಿಡುತ್ತೆ. ಗೇರ್ ಬದಲಾಯಿಸೋದು ಐಡಲ್‌ಲಿ ಮಾತ್ರ.

ಪೆಟ್ರೋಲ್ ತುಂಬ್ಸೋಕೆ ಟ್ಯಾಂಕನ್ನ ಜೆಟ್ಟಿ ಮೇಲೆ ಇಳಿಸ್ಕೊಳ್ಳಿ, ಅದರ ಆವಿ ಗಾಳಿಗಿಂತ ಭಾರ, ದೋಣಿ ತಳದಲ್ಲೇ ಕೂರುತ್ತೆ. ಈಗ ನಮ್ಮ ಬಂಕಲ್ಲಿ ಸಿಗೋದು ಇ20, ಅಂದ್ರೆ 20% ಎಥನಾಲ್ ಬೆರೆಸಿದ ಪೆಟ್ರೋಲ್, ಆದ್ರೆ ಹೆಚ್ಚಿನ ಔಟ್‌ಬೋರ್ಡ್ ಮ್ಯಾನುಯಲ್‌ಗಳಲ್ಲಿ ಎಥನಾಲ್ 10% ಮೀರಬಾರದು ಅಂತಿರುತ್ತೆ, ನಿಮ್ಮದರಲ್ಲಿ ಏನಿದೆ ಓದ್ಕೊಳ್ಳಿ. ಎಥನಾಲ್ ತೇವ ಎಳ್ಕೊಳ್ಳುತ್ತೆ, ಹಾಗಾಗಿ ತಿಂಗಳುಗಟ್ಟಲೆ ಇಟ್ಟ ಪೆಟ್ರೋಲ್ ಹಾಕ್ಬೇಡಿ. ವಾಪಸ್ ಬಂದ್ಮೇಲೆ ಸಿಹಿನೀರಲ್ಲಿ ಐದು ನಿಮಿಷ ಓಡಿಸಿ, ದೋಣಿ ಸುಮಾರು ದಿನ ನಿಲ್ಲಿಸೋದಾದ್ರೆ ಪೆಟ್ರೋಲ್ ಪೈಪ್ ಕಳಚಿ ಕಾರ್ಬುರೇಟರ್ ಖಾಲಿಯಾಗಿ ತಾನೇ ಆಫ್ ಆಗೋವರೆಗೂ ಬಿಡಿ.