ಫೆಬ್ರವರಿ ಮುಗಿದ ಮೇಲೆ

ಕೇಳುಗರಿಗೆ ನಮಸ್ಕಾರ.

ಕೆಲವು ವರ್ಷಗಳ ಹಿಂದೆ ಆರು ತಿಂಗಳು ಅಮೆರಿಕದ ನ್ಯೂಜೆರ್ಸಿಯಲ್ಲಿ ಮಗಳ ಮನೆಯಲ್ಲಿದ್ದೆ. ಮೊಮ್ಮಗಳು ಐದನೇ ಕ್ಲಾಸು. ಅವಳನ್ನು ಶಾಲೆಗೆ ಬಿಡುವುದು, ಕರೆದುಕೊಂಡು ಬರುವುದು ನನ್ನ ಕೆಲಸ. ಅಮೆರಿಕದಲ್ಲಿ ಫೆಬ್ರವರಿ ಅಂದರೆ ಕಪ್ಪು ಜನರ ಇತಿಹಾಸದ ತಿಂಗಳು. ಅದು ಪೂರ್ತಿ ಆ ಶಾಲೆಯ ಗೋಡೆ ಮೇಲೆ ಮಕ್ಕಳೇ ಬರೆದ ಚಿತ್ರಗಳಿದ್ದವು. ಮಾರ್ಟಿನ್ ಲೂಥರ್ ಕಿಂಗ್, ರೋಸಾ ಪಾರ್ಕ್ಸ್, ಹ್ಯಾರಿಯೆಟ್ ಟಬ್ಮನ್, ಎಲ್ಲ ಕಪ್ಪು ಜನರ ಬಿಡುಗಡೆಗೆ, ಹಕ್ಕಿಗೆ ಹೋರಾಡಿದವರು. ಮಾರ್ಚ್ 1ನೇ ತಾರೀಕು ಹೋಗಿ ನೋಡುತ್ತೇನೆ, ಗೋಡೆ ಖಾಲಿ. ಅಲ್ಲಲ್ಲಿ ಟೇಪಿನ ಚೂರು ಮಾತ್ರ ಅಂಟಿಕೊಂಡಿತ್ತು. ಸಂಜೆ ಹೊತ್ತಿಗೆ ಅಲ್ಲಿ ಐರಿಶ್ ಜನರ ಹಬ್ಬಕ್ಕೆ ಅಂತ ಹಸಿರು ಕಾಗದದ ಎಲೆಗಳು ಬಂದಿದ್ದವು.

ನನಗೆ ನಗು ಬಂತು. ನಾವು ನವೆಂಬರ್ ಕನ್ನಡಿಗರು ಅನ್ನುತ್ತೇವಲ್ಲ, ಥೇಟ್ ಹಾಗೆ. ಡಿಸೆಂಬರ್ ಬಂತು ಅಂದರೆ ಬಾವುಟ ಬೀರುವಿನೊಳಗೆ.

ಕಪ್ಪು ಜನರ ಇತಿಹಾಸಕ್ಕೆ ಫೆಬ್ರವರಿ ಸಿಕ್ಕಿದ್ದು ಕಾರ್ಟರ್ ವುಡ್‌ಸನ್ ಅನ್ನುವವರಿಂದ. ಅವರ ಅಪ್ಪ ಅಮ್ಮ ಗುಲಾಮರಾಗಿದ್ದವರು. ಹುಡುಗ ಕಲ್ಲಿದ್ದಲ ಗಣಿಯಲ್ಲಿ ದುಡಿದು, ಇಪ್ಪತ್ತರ ಆಸುಪಾಸಿನಲ್ಲಿ ಹೈಸ್ಕೂಲಿಗೆ ಸೇರಿ, 1912ರಲ್ಲಿ ಹಾರ್ವರ್ಡ್‌ನಿಂದ ಡಾಕ್ಟರೇಟ್ ತೆಗೆದುಕೊಂಡರು. 1926ರಲ್ಲಿ ಅವರು ಶುರು ಮಾಡಿದ್ದು ತಿಂಗಳಲ್ಲ, ಒಂದೇ ವಾರ. ಅಧ್ಯಕ್ಷ ಲಿಂಕನ್ ಮತ್ತು ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಅದರ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಸ್, ಇಬ್ಬರ ಹುಟ್ಟುಹಬ್ಬವೂ ಬರುವ ವಾರ ಅದು. ಅದು ತಿಂಗಳಾಗಿ ಸರ್ಕಾರದ ಮನ್ನಣೆ ಪಡೆದದ್ದು 1976ರಲ್ಲಿ. ಆದರೆ ವುಡ್‌ಸನ್ ಅವರ ಲೆಕ್ಕವೇ ಬೇರೆ ಇತ್ತು. ವರ್ಷವಿಡೀ ಕಲಿತದ್ದನ್ನು ಮಕ್ಕಳು ಆ ವಾರ ಎಲ್ಲರಿಗೂ ತೋರಿಸಬೇಕು ಅಂತ. ನಾವು ಪರೀಕ್ಷೆಯನ್ನೇ ಪಾಠ ಮಾಡಿಕೊಂಡೆವು.

ನಾನೂ 30 ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವಳು. ಪೋರ್ಷನ್ ಮುಗಿಸುವ ಕಷ್ಟ ಗೊತ್ತು. ಹಾಗಾಗಿ ವರ್ಷವಿಡೀ ಕಲಿಸಿ ಅಂದರೆ ಇನ್ನೊಂದು ಪೀರಿಯಡ್ ತುರುಕಿ ಅಂತಲ್ಲ. ಇರುವ ಪಾಠದಲ್ಲೇ, ಅದು ಬರುವ ಜಾಗದಲ್ಲೇ ಹೇಳಿ ಅಂತ. 1793ರಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಹೊಸ ಯಂತ್ರ ಬಂತು, ನಮ್ಮ ಹುಬ್ಬಳ್ಳಿ ಗದಗದ ಕಡೆ ಜಿನ್ ಅನ್ನುತ್ತಾರಲ್ಲ, ಅದೇ. ಪುಸ್ತಕದಲ್ಲಿ ಅದು ಹೊಸ ಯಂತ್ರಗಳ ಪಾಠ. ಬೀಜ ಬಿಡಿಸುವ ಕೆಲಸ ಹಗುರಾದ ಕೂಡಲೇ ಹತ್ತಿ ಬೆಳೆದಷ್ಟೂ ಲಾಭ, ಬೆಳೆಯಲು ಬಿಡಿಸಲು ಕೈ ಬೇಕು, ಆ ಕೈಗಳು ಗುಲಾಮರವು. 1790ರಲ್ಲಿ ಸುಮಾರು 7 ಲಕ್ಷ ಇದ್ದ ಗುಲಾಮರು 1860ರ ಹೊತ್ತಿಗೆ ಹತ್ತಿರ ಹತ್ತಿರ 40 ಲಕ್ಷ. ಯಂತ್ರದ ಪಾಠ ಅಕ್ಟೋಬರಿನಲ್ಲಿ ಮಾಡಿ, ಈ ಲೆಕ್ಕವನ್ನು ಫೆಬ್ರವರಿಗೆ ಎತ್ತಿಟ್ಟರೆ ಮಗುವಿಗೆ ಎರಡೂ ಅರ್ಥವಾಗಲ್ಲ.

ಇನ್ನೊಂದು ಹೇಳಬೇಕು. ಅಮೆರಿಕದ ದಕ್ಷಿಣದಲ್ಲಿ ಮಾಂಟ್‌ಗೊಮೆರಿ ಅನ್ನುವ ಊರು, 1955. ಕ್ಲಾಡೆಟ್ ಕಾಲ್ವಿನ್ ಅಂತ 15 ವರ್ಷದ ಕಪ್ಪು ಹುಡುಗಿ. ಅವಳ ಶಾಲೆಯಲ್ಲಿ ಫೆಬ್ರವರಿ ಪೂರ್ತಿ ಇದೇ ಇತಿಹಾಸದ ಪಾಠ ನಡೆದಿತ್ತು. ಶಾಲೆ ಬಿಟ್ಟು ಬಸ್ಸಿನಲ್ಲಿ ಬರುವಾಗ, ಬಿಳಿ ಹೆಂಗಸಿಗೆ ಸೀಟು ಬಿಡು ಅಂತ ಡ್ರೈವರ್ ಗದರಿದ. ಅವಳು ಏಳಲಿಲ್ಲ. ಪೊಲೀಸರು ಎಳೆದುಕೊಂಡು ಹೋಗಿ ಕೈಕೋಳ ಹಾಕಿದರು. ಒಂದು ಹೆಗಲ ಮೇಲೆ ಹ್ಯಾರಿಯೆಟ್ ಟಬ್ಮನ್, ಇನ್ನೊಂದರ ಮೇಲೆ ಗುಲಾಮಗಿರಿ ವಿರುದ್ಧ ಹೋರಾಡಿದ ಸೊಜರ್ನರ್ ಟ್ರೂತ್ ಕೈಯಿಟ್ಟು ಕೂರಿಸಿದ ಹಾಗೆ ಇತ್ತು ಅಂತ ಕಾಲ್ವಿನ್ ಆಮೇಲೆ ಹೇಳಿಕೊಂಡಿದ್ದಳು. ರೋಸಾ ಪಾರ್ಕ್ಸ್ ಸೀಟು ಬಿಡದೆ ಕುಳಿತದ್ದು ಇದಾಗಿ ಒಂಬತ್ತು ತಿಂಗಳಿಗೆ. ಆ ಊರಿನ ಬಸ್ಸುಗಳ ಭೇದ ನಿಲ್ಲಿಸಿದ ಕೋರ್ಟ್ ಕೇಸು ಹಾಕಿದವರಲ್ಲಿ ಕಾಲ್ವಿನ್ ಕೂಡ ಒಬ್ಬಳು. ಅವಳು ಏಳದೆ ಕುಳಿತ ತಾರೀಕು ಮಾರ್ಚ್ 2. ಮೊಮ್ಮಗಳ ಶಾಲೆಯಲ್ಲಿ ಅಷ್ಟರಲ್ಲಿ ಗೋಡೆ ಹಸಿರಾಗಿತ್ತು.

ಕಾನೂನು ಇಲ್ಲ ಅಂತೇನಲ್ಲ. ನ್ಯೂಜೆರ್ಸಿಯಲ್ಲಿ 2002ರಲ್ಲೇ ಕಾನೂನು ಬಂದಿದೆ, ಈ ಇತಿಹಾಸವನ್ನು ಸಮಾಜ ಪಾಠದೊಳಗೇ ಸೇರಿಸಬೇಕು ಅಂತ. ಫಿಲಡೆಲ್ಫಿಯಾದ ಹೈಸ್ಕೂಲುಗಳಲ್ಲಿ 2005ರಿಂದ ಇದು ಕಡ್ಡಾಯ. ಫ್ಲಾರಿಡಾದಲ್ಲಿ ತದ್ವಿರುದ್ಧ, 2023ರಲ್ಲಿ ಇದೇ ವಿಷಯದ ಹೊಸ ಕೋರ್ಸ್ ಬೇಡ ಅಂದರು. ಮಕ್ಕಳಿಗೆ ಬೇಜಾರಾಗುತ್ತೆ, ಬಿಳಿ ಮಕ್ಕಳು ಕುಗ್ಗಿಹೋಗುತ್ತಾರೆ ಅನ್ನುವವರೂ ಇದ್ದಾರೆ. ಮಕ್ಕಳು ಅಷ್ಟು ಸುಲಭಕ್ಕೆ ಕುಗ್ಗಲ್ಲ, ನಾನು ನೋಡಿದ ಹಾಗೆ ಅಪ್ಪ ಅಮ್ಮಂದಿರೇ ಜಾಸ್ತಿ ಹೆದರುವುದು.

ವರ್ಷವಿಡೀ ಕಲಿಸುವುದಾದರೆ ಫೆಬ್ರವರಿ ಯಾಕೆ, ತೆಗೆದುಬಿಡಿ ಅನ್ನುವ ವಾದವೂ ಇದೆ. ನಾನು ಒಪ್ಪಲ್ಲ. ಇರುವ ಒಂದು ತಿಂಗಳನ್ನೂ ಕಿತ್ತುಕೊಂಡು, ಉಳಿದ ಹನ್ನೊಂದನ್ನು ಕೊಡದೇ ಹೋದರೆ?

ಅಲ್ಲಿನ ನಮ್ಮ ಕನ್ನಡದವರು ಕೆಲವರು ಇದರಲ್ಲಿ ನಮಗೇನು ಅಂತಾರೆ. ಏಷ್ಯಾದವರಿಗೆ ಅಮೆರಿಕದ ಬಾಗಿಲು ಸರಿಯಾಗಿ ತೆರೆದದ್ದು 1965ರ ವಲಸೆ ಕಾನೂನಿನಿಂದ. ಕಪ್ಪು ಜನ ಬೀದಿಗಿಳಿದು ಏಟು ತಿಂದು ದೇಶದ ಮನಸ್ಸನ್ನು ಅಲುಗಿಸಿದ ಕಾಲದಲ್ಲಿ ಬಂದ ಕಾನೂನು ಅದು. ನನ್ನ ಅಳಿಯನಿಗೇ ಇದು ಗೊತ್ತಿರಲಿಲ್ಲ, ಸಾಂಬಾರ್ ಬಡಿಸುತ್ತಾ ಹೇಳಿದೆ.

ನಾನು ವಾಪಸು ಬಂದ ಮೇಲೆ ಒಂದು ರಾತ್ರಿ ಮೊಮ್ಮಗಳು ಫೋನ್ ಮಾಡಿದಳು. ಕ್ಲಾಸಿನಲ್ಲಿ ಸಂವಿಧಾನದ ಪಾಠವಂತೆ. 1787ರಲ್ಲಿ ಜನಸಂಖ್ಯೆ ಎಣಿಸುವಾಗ ಐದು ಜನ ಗುಲಾಮರನ್ನು ಮೂರು ಅಂತ ಲೆಕ್ಕ ಹಿಡಿಯುವುದು ಅಂತ ಬರೆದಿದ್ದರಂತೆ. ಟೀಚರ್ ಬೇಗ ಬೇಗ ಹೇಳಿ ಮುಂದಕ್ಕೆ ಹೋದರಂತೆ, ಇವಳು ಕೈ ಎತ್ತಿದ್ದಾಳೆ.

"ಅಜ್ಜಿ, ಉಳಿದ ಇಬ್ಬರು ಯಾರು ಅಂತ ಕೇಳಿದೆ," ಅಂದಳು. "ಫೆಬ್ರವರಿಯಲ್ಲಿ ಮಾತಾಡೋಣ ಅಂದ್ರು."